ಸಹಾಯ ಬೇಕು: ಸ್ಕಾಟ್ಲೆಂಡಿನ ಕೋಟೆಯಲ್ಲಿ ಮಗಳ ಮದುವೆ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಜೂನ್‌ನಲ್ಲಿ ಮಗಳ ಮದುವೆ, ಎಡಿನ್‌ಬರಾ ಹತ್ತಿರದ ಒಂದು ಹಳೇ ಕೋಟೆಯಲ್ಲಿ. ಹುಡುಗ ಅಲ್ಲಿಯವನೇ. ನಾನು ಕಂಡ ಕೋಟೆ ಅಂದರೆ ಮಧುಗಿರಿಯದ್ದು. ಅದನ್ನು ಹತ್ತಿ ಮದುವೆ ಮಾಡುವವರು ಯಾರು ಬಿಡಿ!

ವೀಸಾ ಆಗಿದೆ. ಬೆಂಗಳೂರಿಂದ ಲಂಡನ್‌ಗೆ ನೇರ ವಿಮಾನ, ಅಲ್ಲಿಂದ ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿದರೆ 4ರಿಂದ 5 ಗಂಟೆ.

ತಲೆನೋವು ಲಗೇಜಿನದು. ಮಡಿಲಕ್ಕಿಗೆ ಅಂತ ತಿಪಟೂರಿನ ಕೊಬ್ಬರಿ ತೆಗೆದಿಟ್ಟಿದ್ದೆ. ಒಣ ಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ಬ್ರಿಟನ್‌ಗೆ ಹಾಲಿನ ಪದಾರ್ಥವನ್ನೂ ಒಯ್ಯುವಂತಿಲ್ಲ. ಅಂದರೆ ತುಪ್ಪ, ಪೇಡ ಎರಡೂ ಇಲ್ಲ. ನಮ್ಮತ್ತೆಗೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಎಡಿನ್‌ಬರಾದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನದ ಕೊಂಬು ಸಿಗುವ ಅಂಗಡಿ ಯಾರಿಗಾದರೂ ಗೊತ್ತಾ? ಇಂಥ ಹಳೇ ಕಟ್ಟಡದೊಳಗೆ ಹೋಮಕ್ಕೆ ಬೆಂಕಿ ಹಚ್ಚಲು ಬಿಡ್ತಾರಾ? ಯಾರಾದರೂ ಮಾಡಿಸಿದ್ದರೆ ತಿಳಿಸಿ.

ಮದುವೆ ಮುಗಿದ ಮೇಲೆ 3 ದಿನ ಕೈಲಿದೆ. ಎಡಿನ್‌ಬರಾ ಕೋಟೆ ನೋಡುವುದು ಖಚಿತ. ನಮ್ಮ ಯಜಮಾನರಿಗೆ ಲಾಕ್ ನೆಸ್ ಸರೋವರದ ಆಸೆ. ಮಂಡಿನೋವಿನ ಅತ್ತೆ ಜೊತೆಗಿದ್ದಾರೆ, ಒಂದೇ ದಿನದಲ್ಲಿ ಹೋಗಿಬರುವುದು ಜಾಸ್ತಿ ಆಯಾಸ ಅಲ್ವಾ? ಜೂನ್‌ನಲ್ಲಿ ರಾತ್ರಿ 10ರ ತನಕ ಬೆಳಕಿರುತ್ತದಂತೆ. ಚಳಿಗೆ ಒಂದು ಸ್ವೆಟರ್ ಸಾಕಾ, ರೇಷ್ಮೆ ಸೀರೆ ಮೇಲೆ ಕೋಟು ಹಾಕಬೇಕಾ?