ಎರಡು ಸಿರಿಂಜ್ ಜೋಡಿಸಿ ಮಂದ ದ್ರಾವಣ ಬೆರೆಸುವಾಗ ಗುಳ್ಳೆ, ಗಂಟು ಬರುತ್ತಿದೆ. ಏನು ಮಾಡಬೇಕು?

ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಆಲ್ಜಿನೇಟ್ (ಕಡಲಕಳೆಯಿಂದ ಸಿಗುವ ಅಂಟು ವಸ್ತು) ಜೆಲ್ ಮೇಲೆ ಕೆಲಸ. ಒಂದು ಸಿರಿಂಜಿನಲ್ಲಿ 2% ಸೋಡಿಯಂ ಆಲ್ಜಿನೇಟ್ ದ್ರಾವಣ ಇರುತ್ತದೆ. ಇನ್ನೊಂದರಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಪುಡಿಯನ್ನು ನೀರಿನಲ್ಲಿ ಕದಡಿದ ಬಿಳಿ ದ್ರವ. ಎರಡನ್ನೂ ಜೋಡಿಸಿ ಅತ್ತಿಂದಿತ್ತ ತಳ್ಳಿ ಬೆರೆಸಬೇಕು. ಜೆಲ್ ಕಟ್ಟುವುದರೊಳಗೆ ಎರಡು ಗಾಜಿನ ಪಟ್ಟಿಗಳ ನಡುವೆ ತುಂಬಿ 2 ಮಿ.ಮೀ. ಹಾಳೆ ಮಾಡಬೇಕು.

ಈಗ ಡ್ರಿಪ್ ಸೆಟ್ಟಿನ ಪೈಪಿನ ತುಂಡನ್ನು ಎರಡು 20 ಮಿ.ಲೀ. ಸಿರಿಂಜುಗಳ ಮೂತಿಗೆ ಸಿಕ್ಕಿಸಿ ಕೆಲಸ ನಡೆಸುತ್ತಿದ್ದೇವೆ. ಜೋರಾಗಿ ಒತ್ತಿದರೆ ಪೈಪ್ ಕಿತ್ತು ಬರುತ್ತದೆ. ಮೆಲ್ಲಗೆ ಒತ್ತಿದರೆ ಒಳಗೇ ಗಂಟು ಕಟ್ಟುತ್ತದೆ. ಹಾಳೆ ಕತ್ತರಿಸಿ ನೋಡಿದರೆ ತುಂಬಾ ಗುಳ್ಳೆ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಅದನ್ನು ಒತ್ತಿ ಗಡಸುತನ ಅಳೆದರೆ ಸಿಗುವ ಅಂಕಿಗೆ ಅರ್ಥವೇ ಇಲ್ಲ ಅಲ್ವಾ? ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಯಾವ ಸಿರಿಂಜ್, ಯಾವ ಕನೆಕ್ಟರ್, ಎಷ್ಟು ಸಲ ತಳ್ಳಬೇಕು?

ಡೆಂಟಿಸ್ಟ್, ಕಲಬುರಗಿ

ಮೇಡಂ, ನೀವು ಹೇಳಿದ ಎರಡೂ ಸಾಮಾನು ನಾವು ಹಲ್ಲಿನ ಅಚ್ಚು ತೆಗೆಯುವ ಪುಡಿಯಲ್ಲೇ ಇವೆ. ಆಲ್ಜಿನೇಟ್, ಕ್ಯಾಲ್ಸಿಯಂ ಸಲ್ಫೇಟ್, ಜೊತೆಗೆ ಒಂಚೂರು ಸೋಡಿಯಂ ಫಾಸ್ಫೇಟ್. ಆ ಫಾಸ್ಫೇಟಿನ ಕೆಲಸವೇ ತಡ ಮಾಡಿಸುವುದು. ಕರಗಿ ಬಂದ ಕ್ಯಾಲ್ಸಿಯಂ ಅನ್ನು ಮೊದಲು ಅದು ಹಿಡಿದುಕೊಳ್ಳುತ್ತದೆ. ಅದು ಮುಗಿದ ಮೇಲೆಯೇ ಆಲ್ಜಿನೇಟಿನ ಸರದಿ. ಆದರೆ ನಿಮ್ಮದು ಸಂಶೋಧನೆ. ಹೊಸ ಉಪ್ಪು ಸೇರಿಸಿದರೆ ಜೆಲ್ಲಿನ ಗುಣವೂ ಬದಲಾಗಬಹುದು, ಗೈಡ್ ಹತ್ತಿರ ಕೇಳಿಯೇ ಮಾಡಿ.

ಇನ್ನೊಂದು ವಿಷಯ ಬಿಸಿ. ನಮ್ಮ ಊರಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಸಾಮಾನ್ಯ. ಟ್ಯಾಂಕಿನ ನೀರಲ್ಲಿ ಕಲಸಿದರೆ ಅಚ್ಚಿನ ಪುಡಿ ಬಟ್ಟಲಲ್ಲೇ ಕಟ್ಟಿಬಿಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಫ್ರಿಜ್ ನೀರು ಬಳಸುತ್ತೇವೆ. ನೀವೂ ಎರಡು ಸಿರಿಂಜನ್ನೂ ತಣ್ಣಗೆ ಮಾಡಿ ನೋಡಿ.

ಕನೆಕ್ಟರ್ ಬೇಕಿದ್ದರೆ ಯಾವ ಮೆಡಿಕಲ್ ಶಾಪಿನಲ್ಲಾದರೂ ತ್ರೀ ವೇ, ಅಂದರೆ ಮೂರು ಬಾಯಿಯ ಕವಾಟ, ಕೇಳಿ. ಸಲೈನ್ ಹಾಕುವಾಗ ಬಳಸುತ್ತಾರಲ್ಲ, ಅದೇ.

ಲ್ಯಾಬ್ ಟೆಕ್ನಿಷಿಯನ್, ಬೀದರ್

ತಂಗಿ, ನಾನು ಬೀದರ್‌ನಲ್ಲಿ ಪಶು ರೋಗದ ಲ್ಯಾಬಿನಲ್ಲಿದ್ದೇನೆ. ಮೊಲಗಳಿಗೆ ಕೊಡುವ ಎಣ್ಣೆ ಎಮಲ್ಷನ್ ಮಾಡುವುದು ನನ್ನ ಕೆಲಸದಲ್ಲಿ ಒಂದು. ಆ್ಯಂಟಿಜನ್ (ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ವಸ್ತು) ಇರುವ ನೀರು ಒಂದು ಪಾಲು, ಆ ಪರಿಣಾಮ ಹೆಚ್ಚಿಸುವ ಫ್ರಾಯಿಂಡ್ ಅಡ್ಜುವೆಂಟ್ ಎಣ್ಣೆ ಒಂದು ಪಾಲು. ಬೆಣ್ಣೆಯಂತೆ ಆಗುವವರೆಗೂ ಎರಡು ಸಿರಿಂಜುಗಳ ನಡುವೆ ತಳ್ಳಬೇಕು. ನಿಮ್ಮ ಜೆಲ್ಲಿಗೂ ಇದಕ್ಕೂ ರಸಾಯನ ಬೇರೆ, ಕೈಕೆಲಸ ಒಂದೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ಪೈಪಿನ ತುಂಡು ತೆಗೆದಿಡಿ. ಕಿತ್ತು ಬಂದಾಗ ದ್ರವ ನೇರ ಕಣ್ಣಿಗೆ ಚಿಮ್ಮುತ್ತದೆ. ನಿಮ್ಮದು ಆಲ್ಜಿನೇಟ್, ತೊಳೆದುಕೊಂಡರೆ ಹೋಗಬಹುದು. ನಮ್ಮಲ್ಲಿ ಆ ಎಣ್ಣೆ ಕಣ್ಣಿಗೆ ಬಿದ್ದರೆ ದೊಡ್ಡ ತೊಂದರೆ. ಯಾವುದನ್ನು ಬೆರೆಸಿದರೂ ಕನ್ನಡಕ ಹಾಕಿಕೊಳ್ಳಿ.

ನಿಮಗೆ ಬೇಕಾದ್ದು ಲೂಯರ್ ಲಾಕ್ ಸಿರಿಂಜ್. ಮೂತಿಯ ಸುತ್ತ ತಿರುಪಿನ ಹಲ್ಲು ಇರುತ್ತದೆ, ತಿರುಗಿಸಿದರೆ ಹಿಡಿದುಕೊಳ್ಳುತ್ತದೆ. ಸುಮ್ನೆ ಸಿರಿಂಜ್ ಕೊಡಿ ಅಂದರೆ ಅಂಗಡಿಯವರು ಒತ್ತಿ ಸಿಕ್ಕಿಸುವ ಲೂಯರ್ ಸ್ಲಿಪ್ ಕೊಡುತ್ತಾರೆ. 'ಲಾಕ್ ಇರೋದು' ಅಂತ ಕೇಳಿ ತೆಗೆದುಕೊಳ್ಳಿ. ಎರಡರ ಮೂತಿಯ ಇಳಿಜಾರೂ ಒಂದೇ, 6%. ಅಂದರೆ 100 ಮಿ.ಮೀ. ಉದ್ದಕ್ಕೆ 6 ಮಿ.ಮೀ. ಸಪೂರ ಆಗುವ ಲೆಕ್ಕ. ಈಗ ಇದಕ್ಕೆ ಐಎಸ್ಒ 80369-7 ಅನ್ನುವ ಮಾನದಂಡ ಇದೆ. ಹಾಗಾಗಿಯೇ ಒಂದು ಕಂಪನಿಯ ಸಿರಿಂಜ್ ಇನ್ನೊಂದು ಕಂಪನಿಯ ಕನೆಕ್ಟರಿಗೆ ಕೂರುತ್ತದೆ.

ಡಾಕ್ಟರ್ ಹೇಳಿದ ತ್ರೀ ವೇ ತೆಳು ದ್ರವಕ್ಕೆ ಚೆನ್ನಾಗಿದೆ. ಸಿರೆ ಉಬ್ಬಿದ ಕಾಲಿಗೆ ಕೊಡುವ ಔಷಧಿಯ ನೊರೆಯನ್ನು ಅದರಲ್ಲೇ ಮಾಡುತ್ತಾರೆ. ನಿಮ್ಮ ಆಲ್ಜಿನೇಟಿಗೆ ನಾನು ಅದನ್ನು ಹೇಳುವುದಿಲ್ಲ. ಸಿರಿಂಜ್ ಕೂರಿಸುವ ಅದರ ಎರಡು ಬಾಯಿಗಳು ಒಂದಕ್ಕೊಂದು ಅಡ್ಡಡ್ಡ ಇರುತ್ತವೆ. ಎರಡೂ ಕೈಯಿಂದ ನೇರ ಒತ್ತಲು ಆಗುವುದಿಲ್ಲ, ಕೈ ಜಾರುತ್ತದೆ. ಒಳಗಿನ ದಾರಿಯೂ ಸಣ್ಣದು, ತಿರುವು ಬೇರೆ. ಎರಡೂ ಕಡೆ ಸಿರಿಂಜ್ ಕೂರುವ ನೇರ ಲೂಯರ್ ಲಾಕ್ ಕನೆಕ್ಟರ್ ಬರುತ್ತದೆ. 'ಫೀಮೇಲ್ ಟು ಫೀಮೇಲ್' ಅಂತ ಕೇಳಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವುದು ಕಷ್ಟ. ಹೈದರಾಬಾದಿನ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ, ಇಲ್ಲಾಂದ್ರೆ ಆನ್‌ಲೈನ್ ತರಿಸಿ. ತೂತು ದೊಡ್ಡದಿರುವುದನ್ನೇ ಆರಿಸಿ. ಅದೇ ಒತ್ತಡಕ್ಕೆ ತೂತಿನ ಅಗಲ ಅರ್ಧ ಆದರೆ ಹರಿವು ಅರ್ಧ ಆಗುವುದಿಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಲ್ಜಿನೇಟ್ ಜೋರಾಗಿ ಹರಿದಾಗ ತುಸು ತೆಳುವಾಗುವುದರಿಂದ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿ ಕೂರುವುದಿಲ್ಲ, ಆದರೂ ಇಕ್ಕಟ್ಟು ಎಲ್ಲಿದೆಯೋ ಅಲ್ಲೇ ಎಲ್ಲ ತೀರ್ಮಾನ ಆಗುವುದು.

ಈಗ ಮುಖ್ಯ ಮಾತು. ಯಾವಾಗಲೂ ತಳ್ಳಿ, ಎಂದೂ ಎಳೆಯಬೇಡಿ. ಎಳೆದಾಗ ದ್ರವವನ್ನು ನೂಕುವುದು ಹೊರಗಿನ ಗಾಳಿ ಮಾತ್ರ. ಅದರ ಬಲ ಚದರ ಸೆಂ.ಮೀ.ಗೆ 1 ಕೆ.ಜಿ. ಆಸುಪಾಸು, ನೀವು ಎಷ್ಟೇ ಗಟ್ಟಿಯಾಗಿ ಎಳೆದರೂ ಅದಕ್ಕಿಂತ ಜಾಸ್ತಿ ಬರುವುದಿಲ್ಲ. ಮಂದ ದ್ರವ ಅಷ್ಟಕ್ಕೆ ಸುಲಭವಾಗಿ ಅಲುಗುವುದಿಲ್ಲ. ಬದಲಿಗೆ ಒಳಗೆ ಕರಗಿದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಪ್ಲಂಜರ್ (ಸಿರಿಂಜಿನೊಳಗೆ ಜಾರುವ ದಂಡ) ರಬ್ಬರಿನ ಪಕ್ಕದಿಂದಲೂ ಗಾಳಿ ನುಸುಳುತ್ತದೆ. ನಿಮ್ಮ ಹಾಳೆಯ ಗುಳ್ಳೆಗಳಲ್ಲಿ ಒಂದು ಪಾಲು ಇಲ್ಲಿಂದಲೇ ಬಂದಿದೆ ಅಂತ ನನಗೆ ಅನ್ನಿಸುತ್ತದೆ. ಒಂದು ಕೈ ತಳ್ಳುವಾಗ ಇನ್ನೊಂದು ಪ್ಲಂಜರ್ ತಾನಾಗಿ ಹಿಂದೆ ಹೋಗಲಿ. ಆ ಕೈ ಅದನ್ನು ಹಗುರವಾಗಿ ಮುಂದಕ್ಕೇ ಒತ್ತಿ ಹಿಡಿದಿರಲಿ.

ತಳ್ಳುವುದಕ್ಕೂ ಸಿರಿಂಜಿನ ಗಾತ್ರ ಮುಖ್ಯ. ಹೆಬ್ಬೆರಳಿನಿಂದ 5 ಕೆ.ಜಿ. ಭಾರದಷ್ಟು ಒತ್ತುತ್ತೀರಿ ಅಂತಿಟ್ಟುಕೊಳ್ಳಿ. 10 ಮಿ.ಲೀ. ಸಿರಿಂಜಿನ ಒಳಗಿನ ಅಗಲ ಸುಮಾರು 15 ಮಿ.ಮೀ. ಒಳಗೆ ಹುಟ್ಟುವ ಒತ್ತಡ ಚದರ ಸೆಂ.ಮೀ.ಗೆ 2.8 ಕೆ.ಜಿ. 50 ಮಿ.ಲೀ. ಸಿರಿಂಜ್ ಸುಮಾರು 27 ಮಿ.ಮೀ. ಅಗಲ. ಅದೇ ಕೈ, ಅದೇ ಬಲ, ಒತ್ತಡ ಮಾತ್ರ 0.9 ಕೆ.ಜಿ.ಗೂ ಕಡಿಮೆ. ದೊಡ್ಡ ಸಿರಿಂಜಿನಲ್ಲಿ ಕೈ ಸೋಲುವುದು ಇದಕ್ಕೇ. ಹಾಗಂತ 1 ಮಿ.ಲೀ.ಗೂ ಇಳಿಯಬೇಡಿ. ಅದರಲ್ಲಿ ಒತ್ತಡ 10 ಮಿ.ಲೀ.ಯ ಒಂಬತ್ತು ಹತ್ತು ಪಟ್ಟು ಏರುತ್ತದೆ, ಜೋಡಣೆ ಸೋರುತ್ತದೆ. ನಿಮಗೆ 10 ಮಿ.ಲೀ. ಎರಡು ಸರಿ. ಒಟ್ಟು ಮಿಶ್ರಣ 6 ಮಿ.ಲೀ. ಮೀರದಿರಲಿ. ಎಲ್ಲವೂ ಒಂದೇ ಕಡೆ ಬಂದಾಗ ಪ್ಲಂಜರ್ ಹಿಂದಿನಿಂದ ಕಳಚಿ ಬೀಳಬಾರದು.

ಗಾಳಿಯನ್ನು ಬೆರೆಸುವ ಮೊದಲೇ ತೆಗೆಯಬೇಕು. ಆಮೇಲೆ ಸಮಯ ಇರುವುದಿಲ್ಲ. ಆಲ್ಜಿನೇಟನ್ನು ಹಿಂದಿನ ದಿನವೇ ಕರಗಿಸಿ, ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್ ಮಾಡಿ. ಗುಳ್ಳೆ ಮೇಲೆ ಬರುತ್ತವೆ. ಸಿರಿಂಜಿಗೆ ತುಂಬುವಾಗಲೂ ಮೂತಿಯಿಂದ ಎಳೆಯಬೇಡಿ. ಮೂತಿಗೆ ಮುಚ್ಚಳ ಹಾಕಿ, ಪ್ಲಂಜರ್ ಪೂರ್ತಿ ತೆಗೆದು, ಹಿಂದಿನಿಂದ ಗೋಡೆಗುಂಟ ಹುಯ್ಯಿರಿ. ಪ್ಲಂಜರ್ ಮತ್ತೆ ಹಾಕುವಾಗ ರಬ್ಬರಿನ ಪಕ್ಕದಲ್ಲಿ ಒಂದು ಸಣ್ಣ ತಂತಿ ಇಟ್ಟು ಒಳಗೆ ತಳ್ಳಿ. ಸಿಕ್ಕಿಬಿದ್ದ ಗಾಳಿ ತಂತಿಯ ಗುಂಟ ಹೊರಗೆ ಹೋಗುತ್ತದೆ. ರಬ್ಬರ್ ದ್ರವಕ್ಕೆ ಮುಟ್ಟಿದ ಕೂಡಲೇ ತಂತಿ ಎಳೆದುಕೊಳ್ಳಿ. ಇದನ್ನು ಕಲಿತರೆ ಅರ್ಧ ತೊಂದರೆ ಕಡಿಮೆ.

ಕನೆಕ್ಟರಿನ ಒಳಗೂ ಗಾಳಿ ಇರುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ಮೊದಲು ಆಲ್ಜಿನೇಟ್ ಸಿರಿಂಜಿಗೆ ಕನೆಕ್ಟರ್ ತಿರುಗಿಸಿ, ಆಚೆ ಬಾಯಲ್ಲಿ ಒಂದು ಹನಿ ಕಾಣುವವರೆಗೂ ಒತ್ತಿ. ಇನ್ನೊಂದು ಸಿರಿಂಜಿನ ಮೂತಿಯಲ್ಲೂ ಹನಿ ತಂದು, ಹನಿಗೆ ಹನಿ ಮುಟ್ಟಿಸಿ ಜೋಡಿಸಿ. ಕ್ಯಾಲ್ಸಿಯಂ ಸಲ್ಫೇಟ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಲೀಟರಿಗೆ 2 ಗ್ರಾಂ ಚಿಲ್ಲರೆ. ಉಳಿದದ್ದು ಪುಡಿಯಾಗಿ ತಳಕ್ಕೆ ಕೂರುತ್ತದೆ. ಜೋಡಿಸುವ ಕ್ಷಣದವರೆಗೂ ಆ ಸಿರಿಂಜನ್ನು ತಿರುವಿ ಹಾಕುತ್ತಲೇ ಇರಿ. ಹಾಳೆಯ ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಆಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಎಷ್ಟು ಸಲ ಅಂತ ಕೇಳಿದ್ದೀರಿ. ಅಂಕಿ ನಾನು ಹೇಳುವುದಿಲ್ಲ, ನಿಮ್ಮ ಕೈ ಮತ್ತು ನಿಮ್ಮ ಕನೆಕ್ಟರ್ ಹೇಳಬೇಕು. ಕ್ಯಾಲ್ಸಿಯಂ ಇಲ್ಲದೆ, ಬರೀ ಆಲ್ಜಿನೇಟ್ ಒಂದು ಕಡೆ, ಅಡುಗೆಯ ಬಣ್ಣ ಹಾಕಿದ ನೀರು ಇನ್ನೊಂದು ಕಡೆ ಇಟ್ಟು ತಳ್ಳಿ ನೋಡಿ. ಪ್ರತಿ ಸಲ ಒಂದು ಹನಿ ಗಾಜಿನ ಮೇಲೆ ಹಾಕಿ. ಬಣ್ಣದ ಗೆರೆ ಪೂರ್ತಿ ಮಾಯ ಆಗುವ ಎಣಿಕೆಯೇ ನಿಮ್ಮ ಎಣಿಕೆ. ನಿಜವಾದ ಮಿಶ್ರಣದಲ್ಲಿ ಅದನ್ನು ಬೇಗ ಬೇಗ ಮುಗಿಸಿ, ಅಲ್ಲಿಗೇ ನಿಲ್ಲಿಸಿ. ಜೆಲ್ ಕಟ್ಟಲು ಶುರುವಾದ ಮೇಲೂ ತಳ್ಳಿದರೆ ಕಟ್ಟಿದ್ದನ್ನೇ ಪುಡಿ ಮಾಡಿದಂತೆ. ಅದು ಮತ್ತೆ ಕೂಡುವುದಿಲ್ಲ. ನೀವು ಗಂಟು ಅಂದಿದ್ದು ಬಹುಶಃ ಇದೇ.

ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಅಣ್ಣಾ, ತುಂಬಾ ಧನ್ಯವಾದ. ತಳ್ಳುವುದು, ಎಳೆಯುವುದರ ಲೆಕ್ಕ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಡಾಕ್ಟರ್, ತಣ್ಣಗೆ ಮಾಡುವ ಸಲಹೆಗೂ ಧನ್ಯವಾದ. ಒಂದು ಅನುಮಾನ. ತಣ್ಣಗಾದರೆ ಆಲ್ಜಿನೇಟ್ ಇನ್ನೂ ಮಂದ ಆಗುತ್ತದೆ ಅಲ್ವಾ? ಆಗ ತಳ್ಳುವುದು ಕಷ್ಟ ಆಗುವುದಿಲ್ಲವೇ? ಮತ್ತೆ ಗಾಜಿನ ನಡುವೆ ತುಂಬುವಾಗ ಸೂಜಿ ಹಾಕಬೇಕಾ?

ಫಾರ್ಮಾ ಕೆಲಸ, ಯಾದಗಿರಿ

ಕಡೇಚೂರು ಕಡೆ ಕೆಲಸ ಮಾಡುತ್ತೇನೆ. ಸಿರಿಂಜಿನ ವಸ್ತುವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಓದುವ ಬೇರೆಯವರಿಗೂ ಬೇಕಾಗಬಹುದು. ಆಲ್ಜಿನೇಟ್ ನೀರಿನದ್ದು, ಅದಕ್ಕೆ ಯಾವ ಸಿರಿಂಜೂ ನಡೆಯುತ್ತದೆ. ಮಿನರಲ್ ಆಯಿಲ್ ಇದ್ದರೆ ಪ್ಲಂಜರಿನ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ, ಸ್ವಲ್ಪ ಹೊತ್ತಿನಲ್ಲಿ ಬಿಗಿದುಕೊಳ್ಳುತ್ತದೆ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜ್ ಬರುತ್ತದೆ. ಗಾಜಿನದ್ದೂ ಆಗುತ್ತದೆ. ಪಾರದರ್ಶಕ ಕನೆಕ್ಟರ್, ತ್ರೀ ವೇ ಹೆಚ್ಚಾಗಿ ಪಾಲಿಕಾರ್ಬೊನೇಟ್. ಅದಕ್ಕೆ ಅಸಿಟೋನ್ ಮುಟ್ಟಿದರೆ ಬಿರುಕು ಬಿಡುತ್ತದೆ. ತೊಳೆಯುವಾಗ ಸಹ ಅಸಿಟೋನ್ ಬೇಡ. ಪಾಲಿಪ್ರೊಪಿಲೀನ್ ಆದರೆ ಚಿಂತೆ ಕಡಿಮೆ.

ರಬ್ಬರ್ ಸಲೀಸಾಗಿ ಜಾರಲಿ ಅಂತ ಸಿರಿಂಜಿನೊಳಗೆ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ತಳ್ಳಿದಷ್ಟೂ ಅದರ ಹನಿಗಳು ಮಿಶ್ರಣಕ್ಕೆ ಇಳಿಯುತ್ತವೆ. ಮೈಕ್ರೋಸ್ಕೋಪಿನಲ್ಲಿ ದುಂಡಗೆ ಹೊಳೆಯುವುದು ಕಂಡರೆ ಎಲ್ಲವೂ ಗಾಳಿ ಗುಳ್ಳೆಯೇ ಅಂದುಕೊಳ್ಳಬೇಡಿ.

ಲ್ಯಾಬ್ ಟೆಕ್ನಿಷಿಯನ್, ಬೀದರ್

ಸಿಲಿಕೋನ್ ಮಾತು ಬಹಳ ಸರಿ, ಒಳ್ಳೆಯದಾಯಿತು ಹೇಳಿದ್ದು.

ತಂಗಿ, ನಿಮ್ಮ ಅನುಮಾನ ಸರಿಯಾಗಿದೆ. ತಂಪು ಹೆಚ್ಚಾದರೆ ಮಂದ ಆಗುತ್ತದೆ, ಆದರೆ ಕಟ್ಟುವುದು ತಡ ಆಗಿ ಸಮಯ ಸಿಗುತ್ತದೆ. ಸಮಯ ಸಿಕ್ಕರೆ ಜೆಲ್ ಎಲ್ಲ ಕಡೆ ಒಂದೇ ಥರ ಬರುತ್ತದೆ. ನಾನಾದರೆ ಸಮಯವನ್ನೇ ಆರಿಸುತ್ತೇನೆ. 10 ಮಿ.ಲೀ. ಸಿರಿಂಜಿನಲ್ಲಿ ಕೈಗೆ ಬಲ ಇದ್ದೇ ಇರುತ್ತದೆ. ಎರಡು ಸಿರಿಂಜೂ ಒಂದೇ ಬಿಸಿಯಲ್ಲಿರಲಿ. ಒಂದು ಫ್ರಿಜ್ಜಿಂದ, ಒಂದು ಟೇಬಲ್ಲಿಂದ ತೆಗೆದುಕೊಂಡರೆ ಇವತ್ತಿನ ಹಾಳೆಗೂ ನಾಳಿನ ಹಾಳೆಗೂ ತಾಳೆ ಆಗುವುದಿಲ್ಲ. ಬೆರೆಸಿದ ತಾಪಮಾನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜನವರಿಯ ಹಾಳೆಗೂ ಮೇ ತಿಂಗಳ ಹಾಳೆಗೂ ಯಾಕೆ ವ್ಯತ್ಯಾಸ ಅಂತ ಗೈಡ್ ಕೇಳಿದಾಗ ಉತ್ತರ ಅಲ್ಲಿರುತ್ತದೆ.

ಸೂಜಿ ಬೇಡ. 18 ಗೇಜ್ ಸೂಜಿಯ ಒಳತೂತು 0.84 ಮಿ.ಮೀ. ಮಾತ್ರ. ಆ ಇಕ್ಕಟ್ಟಿನಲ್ಲಿ ಅರ್ಧ ಕಟ್ಟಿದ ಜೆಲ್ ಚೂರು ಚೂರಾಗುತ್ತದೆ. ಗಾಜಿನ ಸಂದಿಗೆ ಮೂತಿ ತಲುಪುವುದೇ ಇಲ್ಲ ಅಂದರೆ 14 ಗೇಜಿನ ಮೊಂಡು ಸೂಜಿ ನೋಡಿ, ಅದರದ್ದು 1.6 ಮಿ.ಮೀ. ಕೊನೆಯ ತಳ್ಳಿನಲ್ಲಿ ಮಿಶ್ರಣವನ್ನೆಲ್ಲ ಒಂದೇ ಸಿರಿಂಜಿಗೆ ತಂದುಕೊಂಡು ಬಿಚ್ಚಿ. ಗಾಜನ್ನು ಸ್ವಲ್ಪ ಓರೆ ಮಾಡಿ, ಕೆಳಗಿನ ಮೂಲೆಯಿಂದ ಬಿಡದೆ ತುಂಬಿ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಅಲ್ಲೊಂದು ಗೆರೆ ಉಳಿಯುತ್ತದೆ, ಎಳೆದು ಪರೀಕ್ಷೆ ಮಾಡಿದಾಗ ಹಾಳೆ ಅಲ್ಲೇ ಹರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಒಣ ಗಾಳಿಗೆ ಅಂಚು ಬೇಗ ಒಣಗುತ್ತದೆ. ಒದ್ದೆ ಬಟ್ಟೆ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.

ಕನೆಕ್ಟರ್ ಮತ್ತು ಮೂತಿಯಲ್ಲಿ ಒಂದಷ್ಟು ಮಿಶ್ರಣ ಉಳಿದೇ ಉಳಿಯುತ್ತದೆ. ಖಾಲಿ ಕನೆಕ್ಟರ್ ತೂಗಿ, ತುಂಬಿದ್ದನ್ನು ತೂಗಿ, ಎಷ್ಟು ನಷ್ಟ ಅಂತ ಒಮ್ಮೆ ತಿಳಿದುಕೊಳ್ಳಿ. ಅಷ್ಟು ಜಾಸ್ತಿ ಮಾಡಿಕೊಂಡರೆ ಆಯಿತು. ಹಾಳೆಯನ್ನು ಫಾಸ್ಫೇಟ್ ಬಫರಿನಲ್ಲಿ ನೆನೆಸಿಡಬೇಡಿ, ಅದು ಕ್ಯಾಲ್ಸಿಯಂ ಎಳೆದುಕೊಂಡು ಜೆಲ್ಲನ್ನು ಸಡಿಲ ಮಾಡುತ್ತದೆ. ಕನೆಕ್ಟರ್ ಒಳಗೆ ಕಟ್ಟಿಕೊಂಡ ಜೆಲ್ಲಿಗೆ ಮಾತ್ರ ಅದೇ ಗುಣ ಉಪಯೋಗ. ಹಾಗೇ ಕ್ಯಾಲ್ಸಿಯಂ ಎಳೆದುಕೊಳ್ಳುವ ಸೋಡಿಯಂ ಸಿಟ್ರೇಟ್ ಅಥವಾ ಇಡಿಟಿಎ ದ್ರಾವಣದಲ್ಲಿ ರಾತ್ರಿ ನೆನೆಸಿಡಿ, ಕರಗಿ ಹೋಗುತ್ತದೆ. ಕಡ್ಡಿ ಹಾಕಿ ಕೆರೆಯಬೇಡಿ, ಒಳಗೆ ಗೀರು ಬಿದ್ದರೆ ಮುಂದಿನ ಸಲ ಅಲ್ಲಿಂದಲೇ ಸೋರುತ್ತದೆ.