ವಿಟಮಿನ್ ಸಿ ಸೀರಮ್ ಹಚ್ಚಿಕೊಂಡರೆ ಸನ್‌ಸ್ಕ್ರೀನ್ ಬೇಡವೇ?

ಪ್ರಶ್ನೆ (ದಾವಣಗೆರೆಯಿಂದ)

ನನ್ನ ಅಕ್ಕ ಜಗಳೂರು ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆಯಾಗಿದ್ದು, ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಮನೆಯಿಂದ ಮನೆಗೆ ನಡೆದೇ ಓಡಾಡುತ್ತಾರೆ. ಕಳೆದ ಬೇಸಿಗೆಯಿಂದ ಅವರ ಎರಡೂ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡಿದೆ. ಇಲ್ಲಿನ ಔಷಧಿ ಅಂಗಡಿಯೊಂದರಲ್ಲಿ ವಿಟಮಿನ್ ಸಿ ಮತ್ತು ನಿಯಾಸಿನಮೈಡ್ ಇರುವ ಸೀರಮ್ ಕೊಟ್ಟು, ಇದೊಂದಿದ್ದರೆ ಬಿಸಿಲಿನ ಭಯವಿಲ್ಲ ಎಂದು ಹೇಳಿದ್ದಾರೆ. ಸನ್‌ಸ್ಕ್ರೀನ್ ಹಚ್ಚಿದರೆ ಮುಖ ಬಿಳಿಚಿಕೊಂಡು ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ ಅಕ್ಕನಿಗೆ ಅದು ಇಷ್ಟವಿಲ್ಲ. ಸೀರಮ್‌ನಲ್ಲಿರುವ ಈ ಘಟಕಗಳು ಬಿಸಿಲನ್ನು ನಿಜವಾಗಿಯೂ ತಡೆಯುತ್ತವೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ 1 (ಚಿತ್ರದುರ್ಗದಿಂದ, ಔಷಧ ವಿಜ್ಞಾನದ ಬೋಧಕ)

ತಡೆಯುವುದಿಲ್ಲ. ಸೀರಮ್ ಮಾಡುವ ಕೆಲಸ ಬೇರೆ, ಸನ್‌ಸ್ಕ್ರೀನ್ ಮಾಡುವ ಕೆಲಸ ಬೇರೆ. ಬಿಸಿಲಿನೊಂದಿಗೆ ಬರುವ ನೇರಳಾತೀತ ಕಿರಣಗಳ ಪೈಕಿ 320 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಯುವಿ-ಬಿ ಚರ್ಮದ ಮೇಲ್ಪದರವನ್ನು ಸುಟ್ಟು ಕೆಂಪಾಗಿಸುತ್ತದೆ. 320ರಿಂದ 400 ನ್ಯಾನೊಮೀಟರ್‌ವರೆಗಿನ ಯುವಿ-ಎ ಇನ್ನೂ ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಳೆಗಳನ್ನು ಹಾಳುಮಾಡಿ ಸುಕ್ಕಿಗೆ ದಾರಿಮಾಡುತ್ತದೆ, ಚರ್ಮದ ಬಣ್ಣವನ್ನೂ ಗಾಢಗೊಳಿಸುತ್ತದೆ. ಇವುಗಳನ್ನು ಜೀವಕೋಶಗಳಿಗೆ ತಲುಪುವ ಮೊದಲೇ ಹಿಡಿದುಕೊಳ್ಳುವ ಶಕ್ತಿ ಇರುವುದು ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್, ಅವೊಬೆಂಜೋನ್‌ನಂತಹ ಫಿಲ್ಟರ್‌ಗಳಿಗೆ ಮಾತ್ರ. ಜಿಂಕ್ ಆಕ್ಸೈಡ್ ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ ಎಂದು ಬಹಳ ಕಡೆ ಬರೆದಿರುತ್ತಾರೆ. ವಾಸ್ತವದಲ್ಲಿ ಅದೂ ನೇರಳಾತೀತ ಕಿರಣವನ್ನು ಬಹುಪಾಲು ಹೀರಿಕೊಂಡೇ ರಕ್ಷಣೆ ಕೊಡುತ್ತದೆ. ಅವೊಬೆಂಜೋನ್ ಯುವಿ-ಎಯನ್ನು ಚೆನ್ನಾಗಿ ತಡೆಯುತ್ತದೆಯಾದರೂ ಬೆಳಕಿಗೆ ತಾನೇ ಶಿಥಿಲವಾಗುವುದರಿಂದ, ಅದರ ಜೊತೆಗೆ ಆಕ್ಟೋಕ್ರಿಲೀನ್‌ನಂತಹ ಸ್ಥಿರಕಾರಕ ಇದೆಯೇ ಎಂದು ಲೇಬಲ್ ಮೇಲೆ ನೋಡಿಕೊಳ್ಳಬೇಕು.

ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ಒಂದಿಷ್ಟು ಕಿರಣ ಅದನ್ನು ದಾಟಿ ಒಳಗೆ ಬಂದು, ಜೀವಕೋಶಗಳಿಗೆ ಹಾನಿ ಮಾಡುವ ಅಸ್ಥಿರ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ವಿಟಮಿನ್ ಸಿ ಉಪಯೋಗಕ್ಕೆ ಬರುವುದು ಇಲ್ಲಿ. ಅದು ಅವುಗಳನ್ನು ತಟಸ್ಥಗೊಳಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನೆಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 15ರಷ್ಟು ವಿಟಮಿನ್ ಸಿ ಹಾಗೂ ಶೇ 1ರಷ್ಟು ವಿಟಮಿನ್ ಇ ಇರುವ ದ್ರಾವಣಕ್ಕೆ ಶೇ 0.5ರಷ್ಟು ಫೆರುಲಿಕ್ ಆಮ್ಲ ಬೆರೆಸಿದಾಗ ಚರ್ಮಕ್ಕೆ ಸಿಕ್ಕ ರಕ್ಷಣೆ ನಾಲ್ಕು ಪಟ್ಟಿನಿಂದ ಸುಮಾರು ಎಂಟು ಪಟ್ಟಿಗೆ ಏರಿತ್ತು. ನಿಯಾಸಿನಮೈಡ್ ಕಿರಣವನ್ನು ಮುಟ್ಟುವುದೇ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ತಾನು ತಯಾರಾದ ಕೋಶದಿಂದ ಸುತ್ತಲಿನ ಕೋಶಗಳಿಗೆ ಸಾಗುವುದನ್ನು ತಗ್ಗಿಸಿ ಕಲೆ ಗಾಢವಾಗದಂತೆ ನೋಡಿಕೊಳ್ಳುತ್ತದೆ. ಎರಡೂ ಒಳ್ಳೆಯ ಘಟಕಗಳೇ, ಸನ್‌ಸ್ಕ್ರೀನಿನ ಅಡಿಯಲ್ಲಿ ಇದ್ದರೆ. ಸೀರಮ್ ಬಾಟಲಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ: ಆಸ್ಕಾರ್ಬಿಕ್ ಆಮ್ಲದ (ಅಂದರೆ ವಿಟಮಿನ್ ಸಿಯ) ದ್ರವ ತಿಳಿಯಾಗಿರಬೇಕು ಇಲ್ಲವೇ ತೀರ ತೆಳು ಹಳದಿ ಇರಬೇಕು. ಅದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಗಾಳಿ, ಶಾಖಕ್ಕೆ ಸಿಕ್ಕು ಕೆಟ್ಟಿದೆ ಎಂದೇ ಅರ್ಥ, ನಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ ಇದು ಬೇಗ ಆಗುತ್ತದೆ.

ನಿಮ್ಮ ಅಕ್ಕನವರಿಗೆ ಬಂಗು ಇರುವುದರಿಂದ ನಾನು ಒತ್ತಿ ಹೇಳಬೇಕಾದ ಮಾತು ಇನ್ನೊಂದಿದೆ. ನಮ್ಮಂತಹ ಕಂದು ಚರ್ಮವನ್ನು ನೇರಳಾತೀತ ಕಿರಣದ ಜೊತೆಗೆ ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ಅದರ ನೀಲಿ ಭಾಗ, ಕಪ್ಪಾಗಿಸುತ್ತದೆ. ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್‌ಗಳು ಇದನ್ನು ತಡೆಯುವುದು ಬಹಳ ಕಡಿಮೆ. ಐರನ್ ಆಕ್ಸೈಡ್ ಬೆರೆಸಿದ, ಮೈಬಣ್ಣಕ್ಕೆ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ಈ ಬೆಳಕನ್ನೂ ತಡೆಯುತ್ತದೆ, ಮುಖ ಬಿಳಿಚಿಕೊಳ್ಳುವ ತೊಂದರೆಯನ್ನೂ ನಿವಾರಿಸುತ್ತದೆ. ಅವರು ಕೊಳ್ಳಬೇಕಾದದ್ದು ಇದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 2 (ಚಳ್ಳಕೆರೆಯಿಂದ)

ನಮ್ಮದು ಶೇಂಗಾ ಬೆಳೆಯುವ ಮನೆತನ. ಕಳೆ ತೆಗೆಯುವ ದಿನಗಳಲ್ಲಿ ಇಡೀ ದಿನ ಹೊಲದಲ್ಲೇ ಇರುತ್ತೇವೆ. ಒತ್ತಾಗಿ ನೇಯ್ದ ಹತ್ತಿಯ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಂಡರೆ ಅಥವಾ ಕೊಡೆ ಹಿಡಿದರೆ ಸಿಗುವ ನೆರಳನ್ನು ನಿಮ್ಮ ಅಕ್ಕ ಕಡೆಗಣಿಸಬಾರದು. ಬಂಗಿಗೆ ನಿಂಬೆಹಣ್ಣಿನ ರಸ ಹಚ್ಚುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಫ್ಯೂರೊಕೌಮರಿನ್ ಎಂಬ ವಸ್ತು ಯುವಿ-ಎಗೆ ಸಿಕ್ಕಿದಾಗ ಚರ್ಮ ಸುಟ್ಟು ಬೊಬ್ಬೆ ಎದ್ದು, ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಹುದು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ ಎಂದು ಅವರಿಗೆ ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಸನ್‌ಸ್ಕ್ರೀನ್ ಮೇಲೆ ಬರೆದಿರುವ ಅಂಕಿ) ಎಷ್ಟಿರಬೇಕು, ಎಷ್ಟು ಹಚ್ಚಬೇಕು ಎಂಬುದನ್ನೂ ತಿಳಿಸುವಿರಾ? ಬೇಗ ಬೆಳ್ಳಗಾಗುತ್ತದೆ ಎಂದು ನೆರೆಮನೆಯವರು ಒಂದು ಟ್ಯೂಬ್ ಮುಲಾಮನ್ನೂ ಕೊಟ್ಟಿದ್ದಾರೆ.

ಉತ್ತರ 3 (ಚಿತ್ರದುರ್ಗದಿಂದ, ಔಷಧ ವಿಜ್ಞಾನದ ಬೋಧಕ)

ಮುಲಾಮನ್ನು ಇವತ್ತೇ ಬದಿಗಿಡಿ. ಬೆಳ್ಳಗಾಗಲೆಂದು ಕೈಯಿಂದ ಕೈಗೆ ದಾಟುವ ಇಂತಹ ಟ್ಯೂಬುಗಳಲ್ಲಿ ಎಷ್ಟೋ ಸಲ ಚರ್ಮದ ಬಣ್ಣ ತಿಳಿಗೊಳಿಸುವ ಹೈಡ್ರೊಕ್ವಿನೋನ್‌ನೊಂದಿಗೆ ಸ್ಟಿರಾಯ್ಡ್ ಕೂಡ ಇರುತ್ತದೆ. ವೈದ್ಯರ ನಿಗಾ ಇಲ್ಲದೆ ದೀರ್ಘಕಾಲ ಹಚ್ಚಿದರೆ ಮುಖದ ಚರ್ಮ ತೆಳುವಾಗಿ, ರಕ್ತನಾಳಗಳು ಮೇಲೆ ಕಾಣತೊಡಗಿ, ಬಿಸಿಲು ತಾಗಿದ ಕೂಡಲೇ ಉರಿ ಏಳುತ್ತದೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಟ್ಯೂಬನ್ನು ಚರ್ಮರೋಗ ತಜ್ಞರಿಗೆ ತೋರಿಸಿ. ಈಗಾಗಲೇ ಕೆಲವು ವಾರ ಹಚ್ಚಿದ್ದರೆ ನಿಲ್ಲಿಸುವ ಕ್ರಮವನ್ನೂ ಅವರನ್ನೇ ಕೇಳಿ.

ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಯುವಿ-ಬಿಯ ಸುಮಾರು ಶೇ 97ರಷ್ಟನ್ನು, 50 ಇರುವುದು ಸುಮಾರು ಶೇ 98ರಷ್ಟನ್ನು ತಡೆಯುತ್ತದೆ. ಆ ಅಂಕಿ ನಿಂತಿರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಮಾಡಿದ ಪರೀಕ್ಷೆಯ ಮೇಲೆ; ಬಹುತೇಕ ಜನ ಅದರ ಅರ್ಧದಷ್ಟನ್ನೂ ಹಚ್ಚುವುದಿಲ್ಲವಾದ್ದರಿಂದ 50 ಇರುವುದನ್ನೇ ಕೊಳ್ಳುವುದು ಮೇಲು. ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಎರಡು ಗೆರೆ ಎಳೆದರೆ ಎಷ್ಟಾಗುತ್ತದೆಯೋ ಅಷ್ಟು ಮುಖ ಮತ್ತು ಕತ್ತಿಗೆ ಬೇಕು. ಮೊದಲು ಸೀರಮ್, ಅದು ಆರಿದ ಮೇಲೆ ಸನ್‌ಸ್ಕ್ರೀನ್. ಬೆವರಿದರೆ ಒರೆಸಿಕೊಂಡು ಮತ್ತೆ ಹಚ್ಚಬೇಕು, ಇಲ್ಲದಿದ್ದರೂ ಎರಡು ಗಂಟೆಗೊಮ್ಮೆ.

ಮಳೆಗಾಲ ಬಂದಾಗ ಇದನ್ನು ಬಿಡಬಾರದು. ನಮ್ಮ ಎರಡೂ ಜಿಲ್ಲಾ ಕೇಂದ್ರಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲಿ ಒಮ್ಮೆ ನೆತ್ತಿಯ ನೇರಕ್ಕೆ ಬರುವ ಸೂರ್ಯ, ಆಗಸ್ಟ್ ನಡುವಿನಲ್ಲಿ ಮತ್ತೆ ಅಲ್ಲಿಗೇ ಬರುತ್ತಾನೆ. ಆ ಹೊತ್ತಿಗೆ ಸೆಕೆ ಇಳಿದಿರುತ್ತದೆ, ಆದರೆ ತೆಳುಮೋಡದಲ್ಲಿ ಯುವಿ ಬಹುಮಟ್ಟಿಗೆ ಹಾಗೆಯೇ ದಾಟಿ ಬರುತ್ತದೆ. ಸಾಧ್ಯವಾದರೆ ಅಕ್ಕನವರು ದೂರದ ಹಟ್ಟಿಗಳನ್ನು ಬೆಳಿಗ್ಗೆ ಮೊದಲೇ ಮುಗಿಸಿ, ಹತ್ತಿರದ ಮನೆಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲಿ.