ಶಿಲ್ಲಾಂಗಿನ ತೀರ್: ಇದು ಆಟವೋ, ಬರೀ ಜೂಜೋ?

ಮಲೆನಾಡಿಗ:
ಹೋದ ತಿಂಗಳು ಶಿಲ್ಲಾಂಗಿಗೆ ಹೋಗಿದ್ದೆ. ಮಧ್ಯಾಹ್ನ ಪೋಲೋ ಮೈದಾನದ ಹತ್ತಿರ ಒಂದಷ್ಟು ಜನ ಕುಕ್ಕರಗಾಲಲ್ಲಿ ಸಾಲಾಗಿ ಕೂತು ಹುಲ್ಲಿನ ಉರುಳೆಗೆ ಬಾಣ ಬಿಡುತ್ತಿದ್ದರು. ಒಂದೆರಡಲ್ಲ, ಮಳೆ ಸುರಿದ ಹಾಗೆ! ಆಮೇಲೆ ಕೂತು ಬಾಣ ಎಣಿಸಿದರು. ಡ್ರೈವರ್ ‘ಅದು ಲಾಟರಿ ಸರ್’ ಅಂದ, ಆದರೆ ಬಾಣ ಬಿಟ್ಟವರೆಲ್ಲ ಬೇರೆ ಬೇರೆ ಕ್ಲಬ್ಬಿನವರಂತೆ. ಇದು ಮೊದಲಿಂದಲೂ ಜೂಜೇನಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬೆಟ್ಟದೂರು:
ಆರು ವರ್ಷ ಅಲ್ಲೇ ಕೆಲಸದಲ್ಲಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ಜೂಜು ಬಂದದ್ದು ಆಮೇಲೆ. ಅಲ್ಲಿನ ಖಾಸಿ ಬುಡಕಟ್ಟಿನವರಲ್ಲಿ ಗಂಡುಮಗುವಿಗೆ ಹೆಸರಿಡುವಾಗ ಬಿಲ್ಲು ಮತ್ತು ಮೂರು ಬಾಣ ಇಡುವ ಪದ್ಧತಿ ಇದೆ. ಬಿಲ್ಲು ಬಿದಿರಿನದು, ಹಳೇ ಕಾಲದಲ್ಲಿ ಹೆದೆಯೂ ಬಿದಿರಿನ ಸೀಳೇ! ಊರಿಗೆ ಊರು ಎದುರಾಗಿ ಆಡುತ್ತಿದ್ದ ಪಂದ್ಯಕ್ಕೆ ‘ರಾಂಗ್‌ಬಿರಿಯಾ’ ಅನ್ನುತ್ತಾರೆ. ಎದುರಾಳಿಯ ಗುರಿ ತಪ್ಪಿಸಲು ಮಾತಿನ ಚಕಮಕಿಯೂ ನಡೆಯುತ್ತದೆ, ಅದನ್ನು ಕೇಳುವುದೇ ಒಂದು ಖುಷಿ.

ನೀವು ನೋಡಿದ ಆಟಕ್ಕೇ ತೀರ್ ಅನ್ನುವುದು. ಈಗ ಅದನ್ನು ನಡೆಸುವುದು ಖಾಸಿ ಹಿಲ್ಸ್ ಆರ್ಚರಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್. ಅದರಡಿ 12 ಕ್ಲಬ್‌ಗಳಿವೆ. ದಿನಕ್ಕೆ ಎರಡು ಸುತ್ತು, ಭಾನುವಾರ ರಜೆ. ಉರುಳೆಗೆ ನೆಟ್ಟ ಬಾಣಗಳ ಲೆಕ್ಕದ ಕೊನೆಯ ಎರಡು ಅಂಕಿಯೇ ಆ ಸುತ್ತಿನ ನಂಬರ್, ಜನ ಪಣ ಕಟ್ಟುವುದು ಅದರ ಮೇಲೆ. 734 ನೆಟ್ಟರೆ 34. ಮೊದಲು ಈ ಪಣ ಕಾನೂನಿಗೆ ವಿರುದ್ಧವಾಗಿತ್ತು. 1982ರಲ್ಲಿ ಮೇಘಾಲಯ ಸರ್ಕಾರ ಒಪ್ಪಿಗೆ ಕೊಟ್ಟು ತೆರಿಗೆ ಹಾಕಿತು, 2018ರಲ್ಲಿ ಇದಕ್ಕೆಂದೇ ಬೇರೆ ಕಾನೂನು ತಂದಿತು. ನಮ್ಮ ಪಕ್ಕದ ಮನೆಯ ಅಜ್ಜಿ ಕನಸು ಬಿದ್ದರೆ ಬೆಳಗ್ಗೆ ಎದ್ದವರೇ ಅದಕ್ಕೊಂದು ನಂಬರ್ ಹುಡುಕುತ್ತಿದ್ದರು!

ಹೆದೆಬಿಲ್ಲು:
ಬೆಟ್ಟದೂರು ಅವರೇ, ಚೆನ್ನಾಗಿ ಬರೆದಿದ್ದೀರಿ. ನಾನು ಒಲಿಂಪಿಕ್ಸ್‌ನಲ್ಲಿ ಬಳಸುವ ರಿಕರ್ವ್ ಬಿಲ್ಲು ಹಿಡಿಯುವವನು, ನನಗೆ ಒಂದೇ ಬೇಜಾರು. ದಿನಾ ಇಷ್ಟು ಬಾಣ ಬಿಡುವ ಊರು ದೇಶದಲ್ಲಿ ಬೇರೆ ಎಲ್ಲಿದೆ ಹೇಳಿ? ಆದರೂ ಅಲ್ಲಿಂದ ಒಲಿಂಪಿಕ್ ಮಟ್ಟಕ್ಕೆ ದಾರಿ ಆಗಿಲ್ಲ. ಒಲಿಂಪಿಕ್ಸ್‌ನಲ್ಲಿ ಗುರಿ 70 ಮೀಟರ್ ದೂರ, ಹಲಗೆಯ ಅಗಲ 122 ಸೆಂಟಿಮೀಟರ್, ಹತ್ತು ಅಂಕದ ವೃತ್ತ ಬರೀ 12.2. ತೀರ್‌ನಲ್ಲಿ ಎಲ್ಲರ ಬಾಣವೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತದೆ, ಯಾರ ಕೈ ಪಕ್ಕಾ ಅಂತ ಕೇಳುವವರೇ ಇಲ್ಲ. ನನ್ನ ಪ್ರಕಾರ ಅಡ್ಡಿ ಆಗಿರುವುದು ಅದೇ.

ಬಿದಿರು ಬಿಲ್ಲಿನವರಿಗೆ ಆಗದ ಕೆಲಸ ಇದಲ್ಲ. ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದಲೇ ಶುರು ಮಾಡಿದವರು. 1987ರಲ್ಲಿ ಆಯ್ಕೆಗೆ ಬಂದರು, ಮರುವರ್ಷವೇ ಸೋಲ್ ಒಲಿಂಪಿಕ್ಸ್‌ನಲ್ಲಿದ್ದರು! ಒಟ್ಟು ಮೂರು ಒಲಿಂಪಿಕ್ಸ್ ಆಡಿದರು. ಯಾರೋ ಹುಡುಕಿಕೊಂಡು ಹೋಗಿದ್ದಕ್ಕೆ ಅದು ಆಯಿತು, ಅಲ್ವಾ?

ಬೆಟ್ಟದೂರು:
ಒಪ್ಪುತ್ತೇನೆ. ಆದರೆ ಪಣ ಇಲ್ಲದಿದ್ದರೆ ಇಷ್ಟು ಕ್ಲಬ್ ಉಳಿಯುತ್ತಿದ್ದವಾ? ಬಾಣ ಬಿಟ್ಟವರಿಗೆ ಅವತ್ತಿನ ಕೂಲಿ ಸಿಗುತ್ತದೆ, ಬಿಲ್ಲು ಮಾಡುವವರಿಗೂ ಕೆಲಸ ಇದೆ. ದುಡ್ಡು ಕಳೆದುಕೊಂಡ ಮನೆಗಳನ್ನೂ ನೋಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಮಲೆನಾಡಿಗ:
ಇಬ್ಬರಿಗೂ ಥ್ಯಾಂಕ್ಸ್. ನಾನು ಬಾಣದ ರಾಶಿಯ ಫೋಟೋ ತೆಗೆದುಕೊಂಡು ಸುಮ್ನೆ ಬಂದುಬಿಟ್ಟೆ, ಬಿಟ್ಟವರ ಹತ್ತಿರ ಒಂದು ಮಾತೂ ಆಡಲಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಹೋಗುತ್ತಿದ್ದೇನೆ. ಬೆಟ್ಟದೂರು ಅವರೇ, ರಾಂಗ್‌ಬಿರಿಯಾ ನೋಡಬೇಕೆಂದರೆ ಅಲ್ಲಿ ಯಾರನ್ನು ಕೇಳಬೇಕು?